ಹೊಸ ಇಂಧನಕ್ಕೆ ಸರ್ಕಾರಿ ಹಣ: ಕಾನೂನಿನ ಆಧಾರದ ಚರಿತ್ರೆ

ಭಾರತದ ಸಂಚಿತ ನಿಧಿಯಿಂದ ಕಾನೂನಿನ ಅನುಮತಿಯಿಲ್ಲದೆ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ ಎನ್ನುತ್ತದೆ ಸಂವಿಧಾನದ 266ನೇ ವಿಧಿ. ಸೌರಶಕ್ತಿ, ಗಾಳಿಯಂತ್ರ, ಗೋಬರ್ ಗ್ಯಾಸ್‌ಗಳಿಗೆ ಕೇಂದ್ರ ಸರ್ಕಾರ ಕೊಟ್ಟ ಹಣಕ್ಕೆ ಬಹುಕಾಲ ಇದ್ದ ಅನುಮತಿ ಒಂದೇ: ಬಜೆಟ್ಟಿನ ಜೊತೆ ಪ್ರತಿವರ್ಷ ಸಂಸತ್ತು ಒಪ್ಪುವ ಧನವಿನಿಯೋಗ ಕಾಯ್ದೆ.

ಇಷ್ಟೇ ಸಾಕು ಎಂಬ ನಿಲುವಿಗೆ ಬಲ ಬಂದದ್ದು ಇಂಧನಕ್ಕೆ ಸಂಬಂಧವೇ ಇಲ್ಲದ ಮೊಕದ್ದಮೆಯೊಂದರಿಂದ. ಪಂಜಾಬ್ ಸರ್ಕಾರ ಶಾಲಾ ಪಠ್ಯಪುಸ್ತಕಗಳ ಪ್ರಕಟಣೆಯನ್ನು ತನ್ನ ಕೈಗೆ ತೆಗೆದುಕೊಂಡಾಗ ಪ್ರಕಾಶಕರು ಸುಪ್ರೀಂ ಕೋರ್ಟಿಗೆ ಹೋದರು. 1955ರ ರಾಮ್ ಜವಾಯಾ ಕಪೂರ್ ತೀರ್ಪು ಅವರ ವಾದವನ್ನು ತಳ್ಳಿಹಾಕಿತು. ಯಾರ ಹಕ್ಕಿಗೂ ಧಕ್ಕೆಯಾಗದಿದ್ದರೆ, ಖರ್ಚಿಗೆ ಶಾಸನಸಭೆಯ ಒಪ್ಪಿಗೆಯಿದ್ದರೆ, ಪ್ರತಿಯೊಂದು ಕಾರ್ಯಕ್ಕೂ ಸರ್ಕಾರ ಬೇರೆ ಕಾಯ್ದೆ ಮಾಡಬೇಕಿಲ್ಲ ಎಂದಿತು. ಇಂಧನದ ವಿಷಯಕ್ಕೆ ಬಂದರೆ, ವಿದ್ಯುತ್ತು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ ಕೇಂದ್ರಕ್ಕೂ ಆ ಕ್ಷೇತ್ರದಲ್ಲಿ ಅಧಿಕಾರವಿದೆ. ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಅನುದಾನ ಕೊಡಲು 282ನೇ ವಿಧಿಯೂ ಇದೆ.

ಅಣುಶಕ್ತಿಗೆ ಮಾತ್ರ ಮೊದಲಿನಿಂದಲೂ ತನ್ನದೇ ಕಾಯ್ದೆ ಇತ್ತು: 1948ರಲ್ಲಿ ಒಂದು, ಅದರ ಜಾಗದಲ್ಲಿ 1962ರಲ್ಲಿ ಇನ್ನೊಂದು. ಉಳಿದ ಹೊಸ ಇಂಧನಗಳಿಗೆ ಆ ಭಾಗ್ಯ ಸಿಗಲಿಲ್ಲ. ಎಪ್ಪತ್ತರ ದಶಕದ ಎರಡು ತೈಲ ಬಿಕ್ಕಟ್ಟುಗಳ ಬಳಿಕ, 1981ರಲ್ಲಿ, ಹೆಚ್ಚುವರಿ ಇಂಧನ ಮೂಲಗಳ ಆಯೋಗ ರಚನೆಯಾಯಿತು. ಮರುವರ್ಷ ಅಸಾಂಪ್ರದಾಯಿಕ ಇಂಧನ ಇಲಾಖೆ ಬಂತು. 1992ರಲ್ಲಿ ಅದೇ ಸಚಿವಾಲಯವಾಯಿತು. ಇವೆಲ್ಲ ಸರ್ಕಾರಿ ಆದೇಶಗಳಿಂದ ಹುಟ್ಟಿದವು. ಸಾಲ ಕೊಡಲು 1987ರಲ್ಲಿ ಸ್ಥಾಪಿಸಿದ ಇರೆಡಾ ಕೂಡ ಕಂಪನಿ ಕಾಯ್ದೆಯಡಿಯ ಸಂಸ್ಥೆ. ಕರ್ನಾಟಕ 1996ರಲ್ಲಿ ತನ್ನ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡಲ್ ಅನ್ನು ಸ್ಥಾಪಿಸಿದಾಗ ಹಿಡಿದದ್ದೂ ಇದೇ ದಾರಿ. ಪ್ರತ್ಯೇಕ ಕಾಯ್ದೆ ಇಲ್ಲದ್ದರ ಪರಿಣಾಮ ಹಳ್ಳಿಯ ಹಟ್ಟಿಯವರೆಗೂ ಮುಟ್ಟುತ್ತಿತ್ತು. ಗೋಬರ್ ಗ್ಯಾಸ್ ಗುಂಡಿ ತೋಡಿಸಿದ ರೈತನಿಗೆ ಸಹಾಯಧನ ಕಾಯ್ದೆ ಕೊಟ್ಟ ಹಕ್ಕಾಗಿರಲಿಲ್ಲ, ಆ ಸಾಲಿನ ಬಜೆಟ್ಟಿನ ಒಂದು ಬಾಬತ್ತಾಗಿತ್ತು. ಮಾರ್ಚ್ 31ಕ್ಕೆ ಖರ್ಚಾಗದ ಹಣ ರದ್ದಾಗುತ್ತಿತ್ತು.

2003ರ ವಿದ್ಯುತ್ ಕಾಯ್ದೆ ಬೇರೊಂದು ದಾರಿ ತೆರೆಯಿತು. ವಿತರಣಾ ಕಂಪನಿಗಳು ಇಂತಿಷ್ಟು ಪಾಲು ನವೀಕರಿಸಬಹುದಾದ ವಿದ್ಯುತ್ತನ್ನು ಕೊಳ್ಳಬೇಕೆಂದು ಗೊತ್ತುಪಡಿಸುವ ಹೊಣೆಯನ್ನು ಅದರ 86ನೇ ಕಲಂ ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗಗಳಿಗೆ ವಹಿಸಿತು. ಹೀಗೆ ವೆಚ್ಚದ ಒಂದು ಭಾಗ ಖಜಾನೆಯಿಂದ ಗ್ರಾಹಕರ ಬಿಲ್ಲಿಗೆ ಸರಿಯಿತು.

ಹಣದ ಉದ್ದೇಶವನ್ನೇ ಕಾನೂನಿನ ಪಠ್ಯದಲ್ಲಿ ಬರೆದದ್ದು 2010ರ ಹಣಕಾಸು ಕಾಯ್ದೆ. ಅದರ 83ನೇ ಕಲಂ ಕಲ್ಲಿದ್ದಲಿನ ಮೇಲೆ ಸೆಸ್ ಹಾಕಿತು. ಶುದ್ಧ ಇಂಧನದ ಉತ್ತೇಜನಕ್ಕೆ, ಆ ಕ್ಷೇತ್ರದ ಸಂಶೋಧನೆಗೆ ಹಣ ಒದಗಿಸುವುದೇ ಗುರಿಯೆಂದು ಹೇಳಿತು. ಟನ್ನಿಗೆ 50 ರೂಪಾಯಿಯಿಂದ ಆರಂಭವಾದ ಸೆಸ್ 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ರೂಪಾಯಿಗೆ ಏರಿತು. ಆದರೆ ಅದೇ ಕಾಯ್ದೆಯಲ್ಲಿ ದೊಡ್ಡ ದೌರ್ಬಲ್ಯವಿತ್ತು. ವಸೂಲಾದ ಹಣ ಮೊದಲು ಸಂಚಿತ ನಿಧಿಗೇ ಸೇರಬೇಕು, ಅಲ್ಲಿಂದ ಎಷ್ಟು ಹೊರಬರಬೇಕೆಂಬುದು ಮತ್ತೆ ಧನವಿನಿಯೋಗಕ್ಕೆ ಬಿಟ್ಟದ್ದು. 2017–18ರವರೆಗೆ ವಸೂಲಾದದ್ದು ಸುಮಾರು 86,440 ಕೋಟಿ ರೂಪಾಯಿ. ಈ ಉದ್ದೇಶಕ್ಕೆಂದೇ ಇದ್ದ ರಾಷ್ಟ್ರೀಯ ಶುದ್ಧ ಇಂಧನ ನಿಧಿಗೆ ವರ್ಗವಾದದ್ದು ಸುಮಾರು 29,645 ಕೋಟಿ. ಯೋಜನೆಗಳಿಗೆ ಖರ್ಚಾದದ್ದು ಸುಮಾರು 15,911 ಕೋಟಿ. ಒಂದೇ ಉದ್ದೇಶ ಹೇಳಿ ಎತ್ತಿದ ತೆರಿಗೆಯ ಐದನೇ ಒಂದು ಭಾಗವೂ ಆ ಉದ್ದೇಶವನ್ನು ಮುಟ್ಟಲಿಲ್ಲ ಎಂಬುದು ಈ ಚರಿತ್ರೆಯ ಅತ್ಯಂತ ಕಹಿಯಾದ ಸಂಗತಿ.

2017ರಲ್ಲಿ ಜಿಎಸ್‌ಟಿ ಬಂದಾಗ ಈ ಸೆಸ್ ರದ್ದಾಯಿತು. ಟನ್ನಿಗೆ ಅದೇ 400 ರೂಪಾಯಿ ರಾಜ್ಯಗಳ ವರಮಾನ ನಷ್ಟ ತುಂಬುವ ಪರಿಹಾರ ಸೆಸ್ ಆಗಿ ಮುಂದುವರಿಯಿತು. ಶುದ್ಧ ಇಂಧನದ ಮಾತು ಕಾನೂನಿನ ಪಠ್ಯದಿಂದ ಮಾಯವಾಯಿತು. ಈ ಕ್ಷೇತ್ರಕ್ಕೆಂದೇ 2015ರಲ್ಲಿ ಸಿದ್ಧವಾಗಿದ್ದ ನವೀಕರಿಸಬಹುದಾದ ಇಂಧನ ಕಾಯ್ದೆಯ ಕರಡು ಕಾನೂನಾಗಲೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಕಲ್ಲಿದ್ದಲಿನ ಪರಿಹಾರ ಸೆಸ್ಸನ್ನೂ ತೆಗೆದು, ಜಿಎಸ್‌ಟಿಯನ್ನು ಶೇಕಡ 5ರಿಂದ 18ಕ್ಕೆ ಏರಿಸಲಾಯಿತು.