ನಾಲ್ಕನೇ ಸಲಕ್ಕೆ ಕೈಗೂಡಿದ ಉಪಕರಣ

1984ರಲ್ಲಿ ಹಾರ್ವಿ ಮೋಸ್ಲಿ, ಜಾನ್ ಮ್ಯಾಥರ್ ಮತ್ತು ಡ್ಯಾನ್ ಮೆಕ್ಯಾಮನ್ ಎಂಬ ಅಮೆರಿಕದ ಮೂವರು ವಿಜ್ಞಾನಿಗಳು ಒಂದು ಸರಳ ಉಪಾಯ ಮುಂದಿಟ್ಟರು. ಎಕ್ಸ್‌ರೇ ಕಣವೊಂದು ಬಂದು ಬಡಿದಾಗ ಹುಟ್ಟುವ ಬಿಸಿಯನ್ನೇ ಅಳೆದರೆ, ಆ ಕಣದ ಶಕ್ತಿ ಎಷ್ಟೆಂದು ನಿಖರವಾಗಿ ತಿಳಿಯುತ್ತದೆ. ಆದರೆ ಒಂದು ಕಣದ ಬಿಸಿ ಗೊತ್ತಾಗಬೇಕಾದರೆ ಉಪಕರಣ ಪರಮಶೂನ್ಯಕ್ಕಿಂತ ಒಂದು ಡಿಗ್ರಿಯ ಇಪ್ಪತ್ತನೇ ಒಂದು ಭಾಗದಷ್ಟು ಮಾತ್ರ ಮೇಲಿರಬೇಕು. ವಾತಾವರಣ ಆಕಾಶದ ಎಕ್ಸ್‌ರೇಗಳನ್ನು ತಡೆಯುವುದರಿಂದ, ಅಷ್ಟು ತಣ್ಣಗಿನ ವಸ್ತುವನ್ನು ಬಾಹ್ಯಾಕಾಶಕ್ಕೇ ಒಯ್ಯಬೇಕು.

ಈ ಕೆಲಸಕ್ಕೆ ಜಪಾನ್ ಮತ್ತು ನಾಸಾ ಕೈಜೋಡಿಸಿದವು. 2000ದ ಫೆಬ್ರವರಿಯಲ್ಲಿ ಆಸ್ಟ್ರೋ-ಇ ಉಪಗ್ರಹ ರಾಕೆಟ್ ವೈಫಲ್ಯದಿಂದ ಕಕ್ಷೆ ಸೇರಲೇ ಇಲ್ಲ. 2005ರಲ್ಲಿ ಸುಜಾಕು ಹಾರಿತು. ಉಪಕರಣ ಚೆನ್ನಾಗಿಯೇ ತಣಿಯಿತು, ಆದರೆ ಆಕಾಶವನ್ನು ನೋಡುವ ಮೊದಲೇ ಅದನ್ನು ತಂಪಾಗಿಡುವ ಹೀಲಿಯಂ ಪೂರ್ತಿ ಸೋರಿಹೋಯಿತು.

ಮೂರನೆಯದು ಹಿತೋಮಿ, 2016ರ ಫೆಬ್ರವರಿ 17ರಂದು ಹಾರಿತು. ತಾನು ತಿರುಗುತ್ತಿದ್ದೇನೆಂದು ತಪ್ಪಾಗಿ ಲೆಕ್ಕ ಹಾಕಿದ ಉಪಗ್ರಹ, ಅದನ್ನು ನಿಲ್ಲಿಸಲು ಹೋಗಿ ನಿಜವಾಗಿಯೇ ತಿರುಗತೊಡಗಿತು. ಮಾರ್ಚ್ 26ರಂದು ಅದರ ಸೌರಫಲಕಗಳು ಮುರಿದುಹೋದವು.

ಆದರೆ ಅಷ್ಟರಲ್ಲಿ ಅದು ಪರ್ಸಿಯಸ್ ಗೆಲಾಕ್ಸಿ ಗುಚ್ಛವನ್ನು ನೋಡಿ ಮುಗಿಸಿತ್ತು. ಅಲ್ಲಿನ ಕೋಟಿಗಟ್ಟಲೆ ಡಿಗ್ರಿ ಬಿಸಿಯ ಅನಿಲ ಸೆಕೆಂಡಿಗೆ ಸುಮಾರು 164 ಕಿಲೋಮೀಟರ್ ವೇಗದಲ್ಲಿ ಕದಡುತ್ತಿತ್ತು. ನಡುವೆ ಕಪ್ಪುಕುಳಿಯೊಂದು ಶಕ್ತಿ ಚಿಮ್ಮಿಸುತ್ತಿರುವ ಜಾಗಕ್ಕೆ ಇದು ಆಶ್ಚರ್ಯಪಡುವಷ್ಟು ಕಡಿಮೆ. ಇದರಿಂದ ಏನಾಯಿತು ಎನ್ನುತ್ತೀರಾ? ಗೆಲಾಕ್ಸಿ ಗುಚ್ಛಗಳಲ್ಲಿರುವ ಕಾಣದ ದ್ರವ್ಯವನ್ನು ತೂಗುವ ಒಂದು ವಿಧಾನ, ಅಲ್ಲಿನ ಅನಿಲ ಹೆಚ್ಚುಕಡಿಮೆ ಶಾಂತವಾಗಿದೆ ಎಂಬ ಊಹೆಯ ಮೇಲೆ ನಿಂತಿದೆ. ಆ ಊಹೆಯನ್ನು ನೇರವಾಗಿ ಅಳೆದು ಪರೀಕ್ಷಿಸಿದ್ದು ಆಗಲೇ.

ಆ ಒಂದು ನೋಟವೇ ಮತ್ತೆ ಕಟ್ಟಲು ಕಾರಣವಾಯಿತು. 2023ರ ಸೆಪ್ಟೆಂಬರ್ 7ರಂದು ಕ್ರಿಸಂ ಹಾರಿತು. ಉಪಕರಣದ ಮುಂದಿನ ಮುಚ್ಚಳ ತೆರೆಯದೆ, ಕಡಿಮೆ ಶಕ್ತಿಯ ಎಕ್ಸ್‌ರೇಗಳು ಒಳಬರುತ್ತಿಲ್ಲ. ಹಾಗಿದ್ದೂ ಬರಿ 36 ಪಿಕ್ಸೆಲ್‌ಗಳ ಆ ಉಪಕರಣ ಈಗ ಕಪ್ಪುಕುಳಿಗಳ ಸುತ್ತಲಿನ ಗಾಳಿಯನ್ನೂ ಸಿಡಿದ ನಕ್ಷತ್ರಗಳ ಅವಶೇಷಗಳನ್ನೂ ಅಳೆಯುತ್ತಿದೆ.

ಮುಂದಿನದು ಯುರೋಪ್ 2030ರ ದಶಕದ ಕೊನೆಗೆ ಹಾರಿಸಲು ಯೋಜಿಸಿರುವ ನ್ಯೂ ಅಥೀನಾ. ಅದರಲ್ಲಿ ಇಂಥ ಪಿಕ್ಸೆಲ್‌ಗಳು ಸಾವಿರಕ್ಕೂ ಹೆಚ್ಚು. ಒಂದು ಗುಚ್ಛದ ಅನಿಲ ಎಲ್ಲಿ ಎಷ್ಟು ಕದಡಿದೆ ಎಂಬುದರ ನಕ್ಷೆಯನ್ನೇ ಅದು ಬಿಡಿಸಬಲ್ಲದು. ಮೂರು ಸಲ ಕಳೆದುಕೊಂಡವರು ನಾಲ್ಕನೇ ಸಲವೂ ಅದೇ ಉಪಕರಣವನ್ನು ಕಟ್ಟಿದ ದಾರಿಯಲ್ಲೇ ಈ ದೊಡ್ಡ ಯೋಜನೆಯೂ ಸಾಗುತ್ತಿದೆ.