ನಿಲ್ದಾಣದ ಪಕ್ಕದ ಮನೆ ಯಾರಿಗೆ?

ವಾಹನ ದಟ್ಟಣೆ ಹೆಚ್ಚಿದಾಗಲೆಲ್ಲ ನಾವು ರಸ್ತೆ ಅಗಲಗೊಳಿಸುವ ಮಾತನ್ನೇ ಆಡುತ್ತೇವೆ. ಜನರು ಎಲ್ಲಿ ವಾಸಿಸಬೇಕೆಂದು ಕೇಳುವುದಿಲ್ಲ. ಸಿಂಗಾಪುರ ಈ ಎರಡು ಪ್ರಶ್ನೆಗಳನ್ನೂ ಜೊತೆಯಾಗಿ ಎತ್ತಿಕೊಂಡಿತು.

1960ರಲ್ಲಿ ಅಲ್ಲಿ ಸರಕಾರಿ ವಸತಿ ಮಂಡಳಿ ಸ್ಥಾಪನೆಯಾಯಿತು. ಮರುವರ್ಷ ಬುಕಿತ್ ಹೋ ಸ್ವೀ ಎಂಬಲ್ಲಿನ ಜೋಪಡಿಗಳು ಬೆಂಕಿಗಾಹುತಿಯಾಗಿ ಸುಮಾರು 16 ಸಾವಿರ ಮಂದಿ ಬೀದಿಗೆ ಬಿದ್ದಾಗ ಬಹುಮಹಡಿ ವಸತಿಗಳ ನಿರ್ಮಾಣ ಚುರುಕಾಯಿತು. ತೋವಾ ಪಾಯೋದಂತಹ ಉಪನಗರಗಳು ಎದ್ದವು. 1975ರಲ್ಲಿ ನಗರದ ಕೇಂದ್ರಕ್ಕೆ ಬರುವ ಕಾರುಗಳಿಗೆ ಶುಲ್ಕ ವಿಧಿಸಲಾಯಿತು. 1987ರ ನವೆಂಬರ್ 7ರಂದು ಮೊದಲ ಮೆಟ್ರೊ ಓಡಿದ್ದು ಇದೇ ತೋವಾ ಪಾಯೋ ಮಾರ್ಗದಲ್ಲಿ. ಬಡವರ, ಮಧ್ಯಮ ವರ್ಗದವರ ಮನೆಗಳಿದ್ದಲ್ಲಿಗೇ ರೈಲು ಬಂತು. ಕಾರು ಅಗತ್ಯವಲ್ಲ, ಆಡಂಬರ ಎನಿಸಿತು.

ಇದಕ್ಕೆ ತೆತ್ತ ಬೆಲೆಯನ್ನೂ ಮರೆಯಬಾರದು. ಮಲಯ ಮುಸ್ಲಿಮರ ಹಳೆಯ ಹಳ್ಳಿಗಳು ಚದುರಿಹೋದವು. 1989ರಲ್ಲಿ ಪ್ರತಿ ಕಟ್ಟಡದಲ್ಲೂ ಚೀನೀ, ಮಲಯ, ಭಾರತೀಯ ಮೂಲದವರಿಗೆ ಮಿತಿ ನಿಗದಿಯಾಯಿತು. ಮನೆ ಮಾರುವಾಗ ಅಲ್ಪಸಂಖ್ಯಾತರಿಗೆ ಇದು ತೊಡಕೂ ಆಯಿತು. ಆದರೂ ಎಲ್ಲರೂ ಒಂದೇ ಮೆಟ್ಟಿಲು ಹತ್ತಿ ಮನೆ ಸೇರುವಂತಾಯಿತು.

ಬೆಂಗಳೂರಿಗೆ ಮೆಟ್ರೊ ಬಂದದ್ದು 2011ರಲ್ಲಿ. ಇಲ್ಲಿ ರೈಲಿನ ಜೊತೆಗೆ ಬಡವರ ಮನೆ ಬರಲಿಲ್ಲ. ನಿಲ್ದಾಣದ ಬಳಿ ಬಾಡಿಗೆ ಏರಿದರೆ ಕೂಲಿಕಾರ ದೂರ ಹೋಗುತ್ತಾನೆ. ಹಣವಿದ್ದರೂ ಹೆಸರು ಕೇಳಿ ಬಾಗಿಲು ಮುಚ್ಚುವವರಿದ್ದಾರೆ. ನೆರೆಯವರ ಹಕ್ಕಿನ ಕುರಿತು ಪ್ರವಚನ ಕೇಳುವ ನಾವು, ನೆರೆಯಲ್ಲಿ ಯಾರಿಗೆ ಜಾಗವಿದೆ ಎಂಬುದನ್ನೂ ಕೇಳಬೇಕಲ್ಲವೇ?