ಲೈಸೆನ್ಸ್ ಹೋಯಿತು, ಬೆಟ್ಟ ಹಾಗೇ ಉಳಿಯಿತು

1991ರ ಜುಲೈ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಅದೇ ದಿನ ಹೊರಬಂದ ಹೊಸ ಕೈಗಾರಿಕಾ ನೀತಿ, ಕೆಲವು ಉದ್ಯಮಗಳನ್ನು ಬಿಟ್ಟು ಉಳಿದವಕ್ಕೆ ಸರ್ಕಾರದ ಲೈಸೆನ್ಸ್ ಬೇಡ ಎಂದಿತು. ದೊಡ್ಡ ಊರುಗಳಿಗೆ ಅದು ದೊಡ್ಡ ಸುದ್ದಿ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಲೈಸೆನ್ಸಿಗಾಗಿ ಕಾದು ಕೂತ ಕಾರ್ಖಾನೆಗಳು ಎಷ್ಟಿದ್ದವು? ನಮ್ಮದು ಅಡಿಕೆ, ಕಾಳುಮೆಣಸು, ಯಾಲಕ್ಕಿಯ ಸೀಮೆ. ನಮ್ಮ ತೊಡಕುಗಳೇ ಬೇರೆ ಇದ್ದವು.

ಮೊದಲನೆಯದು ಬೆಟ್ಟ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಎಂಬ ಏರ್ಪಾಡು ಬ್ರಿಟಿಷರ ಕಾಲದ್ದು. ಸೊಪ್ಪು, ದರಕು ತರಬಹುದು; ಜಾಗದ ಒಡೆತನ ಮಾತ್ರ ಸರ್ಕಾರದ್ದು. ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಬೆಟ್ಟವನ್ನು ಅಡವಿಟ್ಟು ಸಾಲ ಪಡೆಯುವಂತಿಲ್ಲ, ಅಲ್ಲೊಂದು ಸಂಸ್ಕರಣಾ ಶೆಡ್ ಹಾಕುವಂತಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದಮೇಲೆ ಅರಣ್ಯ ಜಾಗದ ಬೇರೆ ಬಳಕೆಗೆ ದೆಹಲಿಯ ಒಪ್ಪಿಗೆಯೇ ಬೇಕು. ಆ ಕಾಯ್ದೆಯಿಂದ ಕಾಡು ಉಳಿದಿದೆ, ಅದರ ಮೇಲೆ ನಮಗೆ ಸಿಟ್ಟಿಲ್ಲ. ಆದರೆ ಪಟ್ಟಣದ ಉದ್ಯಮಿಗೆ 1991ರಲ್ಲಿ ಸಡಿಲವಾದ ಗಂಟು ಇಲ್ಲಿ ಸಡಿಲವಾಗಲಿಲ್ಲ ಎಂಬುದೂ ನಿಜ.

ಹೀಗಾಗಿ ಪೇಟೆ ತೆರೆದಾಗ ನಮ್ಮ ಅಂಗಳಕ್ಕೆ ಬಂದದ್ದು ಉದ್ಯಮವಲ್ಲ, ದರದ ಏರಿಳಿತ. ವೆನಿಲಾ ನೆನಪಿದೆಯಲ್ಲ? 2000ದ ಏಪ್ರಿಲ್‌ನಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿಯಿತು. ಜಗತ್ತಿನ ವೆನಿಲಾದಲ್ಲಿ ಬಹುಪಾಲು ಬೆಳೆಯುವ ದೇಶ ಅದು. 2003ರ ಹೊತ್ತಿಗೆ ಇಲ್ಲಿ ಹಸಿ ಕೋಡಿಗೆ ಕಿಲೋಗೆ ಮೂರು ಸಾವಿರ ದಾಟಿತು. ಬಳ್ಳಿ ತುಂಡಿಗೂ ಬೇಡಿಕೆ, ರಾತ್ರಿ ತೋಟ ಕಾಯುವ ಕೆಲಸ ಬೇರೆ. ಅಷ್ಟರಲ್ಲಿ ಐಸ್‌ಕ್ರೀಂ ಕಂಪನಿಗಳು ಕೃತಕ ಪರಿಮಳಕ್ಕೆ ಹೊರಳಿದವು, ಮಡಗಾಸ್ಕರ್ ಚೇತರಿಸಿಕೊಂಡಿತು, ದರ ನೂರರ ಕೆಳಗೆ ಬಿತ್ತು. ಕೋಡು ಬಾಡಿಸಿ, ಬೆವರಿಸಿ, ಒಣಗಿಸಿ ಹದ ಮಾಡಲು ತಿಂಗಳುಗಳು ಬೇಕು, ಹದವಾದರೆ ಇಟ್ಟುಕೊಳ್ಳಬಹುದು. ನಮ್ಮಲ್ಲಿ ಹೆಚ್ಚಿನವರು ಮಾರಿದ್ದು ಹಸಿ ಕೋಡನ್ನೇ. ಕಾಯುವ ಶಕ್ತಿ ಕೊಂಡವರ ಕೈಯಲ್ಲಿತ್ತು.

ಅಡಿಕೆಗೆ ಹಾಗಾಗಲಿಲ್ಲ. ದರ ಬಿದ್ದ ವರ್ಷಗಳು ಅಡಿಕೆಗೂ ಬಂದವು. ಆದರೆ ಶಿರಸಿಯಲ್ಲಿ 1923ರಿಂದಲೇ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಅಂದರೆ ನಮ್ಮ ಟಿಎಸ್ಎಸ್, ಇತ್ತು. ಮಾಲು ಇಟ್ಟರೆ ಮುಂಗಡ ಸಿಗುತ್ತದೆ, ವ್ಯಾಪಾರಿಗಳು ಟೆಂಡರ್ ಹಾಕುತ್ತಾರೆ, ದರ ಒಪ್ಪಿಗೆಯಾಗದಿದ್ದರೆ ಕಾಯಬಹುದು. ಸರ್ಕಾರದ ಯೋಜನೆಯಲ್ಲೂ ಇಲ್ಲದ, 1991ರ ಸುಧಾರಣೆಯಿಂದಲೂ ಬಾರದ ಸಂಸ್ಥೆ ಇದು.

ಕಾಳುಮೆಣಸಿನಲ್ಲಿ ಅದೂ ಸಾಲಲಿಲ್ಲ. 2000ದ ಮಾರ್ಚ್‌ನಲ್ಲಿ ಶ್ರೀಲಂಕಾ ಜೊತೆಗಿನ ಮುಕ್ತ ವ್ಯಾಪಾರ ಒಪ್ಪಂದ ಜಾರಿಯಾಯಿತು. ವಿಯೆಟ್ನಾಂ ಮೆಣಸು ಆ ದಾರಿಯಲ್ಲಿ ಸುಂಕ ತಪ್ಪಿಸಿ ನುಸುಳುತ್ತಿದೆ ಎಂದು ಬೆಳೆಗಾರರು ವರ್ಷಗಟ್ಟಲೆ ದೂರಿದರು. ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ನಿಗದಿಯಾದದ್ದು 2017ರ ಡಿಸೆಂಬರ್‌ನಲ್ಲಿ. ಅಷ್ಟರೊಳಗೆ ದರ ಇಳಿಯಲು ಶುರುವಾಗಿತ್ತು.